ಇಪ್ಪತ್ತೆಂಟು ವರ್ಷ ಮಾಡೆಲ್ ರೈಲು ಮಾಡಿದೆ, ಈಗ ಮನಸ್ಸು ಚಾಳಿನ ಕಡೆ ಹೋಗಿದೆ. ನಿಮಗೂ ಹೀಗಾಗಿದೆಯಾ?

ಠಾಣೆಯವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ. ಮನೆಯಲ್ಲಿ ಹೇಳಿದರೆ ಅರ್ಥವಾಗುತ್ತಿಲ್ಲ, ನಿಮಗಾದರೂ ಆಗಬಹುದು.

ನನಗೀಗ 59. ಮಾಡೆಲ್ ಹುಚ್ಚು ಹತ್ತಿದ್ದು ಎಂಟನೇ ವಯಸ್ಸಿಗೆ. ಮುಂಬಯಿ ಗಿರಗಾಂವ್‌ನ ನಮ್ಮ ಚಾಳಿನಲ್ಲಿ (ಸಾಲು ಖೋಲಿಗಳ ವಠಾರ) ದೀಪಾವಳಿ ಬಂದರೆ ಹುಡುಗರೆಲ್ಲ ಸೇರಿ ಅಂಗಳದಲ್ಲಿ ಕಿಲ್ಲಾ, ಅಂದರೆ ಆಟದ ಕೋಟೆ, ಕಟ್ಟುತ್ತಿದ್ದೆವು. ಇಟ್ಟಿಗೆ ಚೂರು, ಗೋಣಿಚೀಲ, ಮೇಲೆ ಕೆಸರು, ಕೆಸರಿನ ಮೇಲೆ ಅಳವಿ ಬೀಜ. ನಾಲ್ಕೈದು ದಿನಕ್ಕೆ ಬೆಟ್ಟ ಹಸಿರಾಗುತ್ತಿತ್ತು. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ಸೇರಿ ಬಾಲ್ಸಾ ಮರದ ಗ್ಲೈಡರ್ ಮಾಡಿದೆ. ಕೆಲಸ ಸಿಕ್ಕ ಮೇಲೆ 1:72ರ, ಅಂದರೆ ನಿಜದ ಎಪ್ಪತ್ತೆರಡರಲ್ಲಿ ಒಂದು ಪಾಲು ಅಳತೆಯ, ಪ್ಲಾಸ್ಟಿಕ್ ವಿಮಾನಗಳು. ಮದುವೆಯಾಗಿ ಠಾಣೆಗೆ ಬಂದ ಮೇಲೆ ರೈಲು. ಅಲ್ಲಿಗೆ ನಿಂತೆ. ಇಪ್ಪತ್ತೆಂಟು ವರ್ಷ ರೈಲು ಬಿಟ್ಟು ಬೇರೆ ಏನನ್ನೂ ಮುಟ್ಟಲಿಲ್ಲ.

ಒಳಕೋಣೆಯಲ್ಲಿ ಹತ್ತಡಿ ಉದ್ದ, ಮೂರಡಿ ಅಗಲದ ಹಲಗೆ ಇದೆ. ಅದರ ಮೇಲೆ ಕರ್ಜತ್‌ನಿಂದ ಲೋಣಾವಳಾಕ್ಕೆ ಏರುವ ಭೋರ್ ಘಾಟ್, ಎಚ್‌ಒ ಸ್ಕೇಲ್‌ನಲ್ಲಿ, ಅಂದರೆ 1:87. ನಿಜವಾದ ಘಾಟ್‌ನಲ್ಲಿ ಏರು 37ಕ್ಕೆ 1. ನನ್ನ ಹಲಗೆಯಲ್ಲೂ ಅದೇ ಲೆಕ್ಕ ಇಟ್ಟೆ. ಹತ್ತಡಿಗೆ ಎಂಟು ಸೆಂಟಿಮೀಟರ್ ಏರುತ್ತದೆ. ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಮುಂದಿನದರ ಜೊತೆ ಒಂದೇ ವೇಗದಲ್ಲಿ ಓಡಲು ಎರಡು ವರ್ಷ ಹಿಡಿಯಿತು. ಒಂದು ಸುರಂಗ ಇನ್ನೂ ಅರ್ಧಕ್ಕೇ ಇದೆ.

ಕಳೆದ ವರ್ಷ ನಮ್ಮ ಚಾಳ್ ಕೆಡವಿದರು. ಸುದ್ದಿ ಗೊತ್ತಾಗಿ ಹೋದಾಗ ಅರ್ಧ ಬಿದ್ದಿತ್ತು. ಮನೆಗೆ ಬಂದು ಮಗಳಿಗೆ ಗ್ಯಾಲರಿ ಎಷ್ಟು ಉದ್ದ ಇತ್ತು, ನಲ್ಲಿ ಎಲ್ಲಿತ್ತು ಅಂತ ಹೇಳಲು ಹೋದೆ. ತೋರಿಸಲು ಒಂದು ಫೋಟೊ ಇಲ್ಲ. ಇರುವ ಫೋಟೊಗಳಲ್ಲೆಲ್ಲ ಬರೀ ಜನ. ಭೋರ್ ಘಾಟ್‌ನ ಫೋಟೊ ನನ್ನ ಹತ್ತಿರ ನಾಲ್ಕು ಸಾವಿರ ಇವೆ. ಅಂದು ರಾತ್ರಿ ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ ನಮ್ಮ ಖೋಲಿಯ ಬಾಗಿಲು ಮಾಡಿದೆ. ಎರಡು ಗಂಟೆಯಾದದ್ದು ತಿಳಿಯಲೇ ಇಲ್ಲ.

ಅಂದಿನಿಂದ ಎಂಟು ತಿಂಗಳಾಯಿತು. ರೈಲಿನ ಸ್ವಿಚ್ ಹಾಕಿಲ್ಲ. ಮೇಲೆ ಬೆಡ್‌ಶೀಟ್ ಹೊದಿಸಿದ್ದೇನೆ. ಅದನ್ನು ನೋಡಿದಾಗಲೆಲ್ಲ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ನಿಮಗೆ ಯಾರಿಗಾದರೂ ಹೀಗೆ ಆಸಕ್ತಿ ಪೂರ್ತಿ ಹೊರಳಿದೆಯಾ? ಹಳೆಯದಕ್ಕೆ ವಾಪಸ್ ಬಂದಿರಾ? ಬರದಿದ್ದರೆ ಹಳೆಯ ಸಾಮಾನು ಏನು ಮಾಡಿದಿರಿ?

ಕೋಥ್ರೂಡ್ ಗಾರ್ಡ್

ದಯವಿಟ್ಟು ಬಿಚ್ಚಬೇಡಿ. ಇದೊಂದು ಮಾತು ಮೊದಲು.

ನಾನೂ ಐದು ವರ್ಷ ರೈಲು ಮಾಡೆಲ್ ಮುಟ್ಟಿರಲಿಲ್ಲ. ರಾತ್ರಿ ಪಾಳಿಯ ಕೆಲಸ, ಹಗಲು ನಿದ್ದೆ. ಎಲ್ಲ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದ್ದೆ. ಆಮೇಲೆ ಅಣ್ಣನ ಮೊಮ್ಮಗನನ್ನು ಇಲ್ಲೇ ಕೋಥ್ರೂಡ್‌ನ ಜೋಶಿ ಕಿರು ರೈಲು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ಅದು 1998ರಲ್ಲಿ ತೆರೆದದ್ದು. ಅಷ್ಟೂ ರೈಲುಗಳು ಒಟ್ಟಿಗೆ ಓಡತೊಡಗಿದಾಗ ಹುಡುಗ ಬಾಯಿ ಬಿಟ್ಟು ನಿಂತ. ನಾನೂ ನಿಂತೆ. ಅಂದು ಸಂಜೆಯೇ ಅಟ್ಟ ಹತ್ತಿದೆ. ಹಳಿ ಒರೆಸಲು ಎರಡು ದಿನ ಬೇಕಾಯಿತು.

ನಿಮಗೂ ಬರುತ್ತದೆ ಆ ದಿನ. ಬೆಡ್‌ಶೀಟ್ ಹಾಗೇ ಇರಲಿ.

ವಾಸ್ಕೋವಾಸಿ

ಗಾರ್ಡ್ ಸಾಹೇಬ್ರೆ, ಎಲ್ಲರಿಗೂ ವಾಪಸ್ ಬರಲೇಬೇಕು ಅಂತಿಲ್ಲ. ನನ್ನ ಕಥೆ ಕೇಳಿ.

ನಾನು ಹುಬ್ಬಳ್ಳಿಯವನು, ವಾಸ್ಕೋಗೆ ಬಂದು ಮೂವತ್ತು ವರ್ಷ. ಇಲ್ಲಿಗೆ ಬಂದ ಹೊಸದರಲ್ಲಿ ದಾಬೋಲಿಂ ವಿಮಾನ ನಿಲ್ದಾಣದ ಮೇಲೆ ನೌಕಾಪಡೆಯ ಸೀ ಹ್ಯಾರಿಯರ್ ಯುದ್ಧವಿಮಾನಗಳು ದಿನಾ ಹಾರುತ್ತಿದ್ದವು. ಅದೊಂದು ವಿಮಾನಕ್ಕೆ ಮನಸೋತು ಹತ್ತು ವರ್ಷ ಅದನ್ನೇ ಮಾಡಿದೆ. 1:72ರಲ್ಲಿ ಒಂಬತ್ತು. ಬೋಗ್ಮಾಳೊದ ನೌಕಾ ವಾಯುಯಾನ ಸಂಗ್ರಹಾಲಯಕ್ಕೆ ಟೇಪ್ ಹಿಡಿದು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ನಲವತ್ತೈದು ದಾಟಿದ ಮೇಲೆ ಕಣ್ಣು ಕೈಕೊಟ್ಟಿತು, 1:48ಕ್ಕೆ ಹೋದೆ. 2016ರಲ್ಲಿ ಹ್ಯಾರಿಯರ್‌ಗಳನ್ನು ಸೇವೆಯಿಂದ ತೆಗೆದರು. ಆಕಾಶದಲ್ಲಿ ಆ ಸದ್ದು ನಿಂತಿತು. ನನ್ನ ಆಸೆಯೂ ನಿಂತಿತು. ಬೇಜಾರಾಗಲಿಲ್ಲ, ಸುಮ್ನೆ ನಿಂತಿತು.

ಈಗ ಏನು ಮಾಡುತ್ತಿದ್ದೇನೆ ಗೊತ್ತಾ? ದೂಧ್‌ಸಾಗರ್. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಾಟ್, ಮಧ್ಯದ ಸೇತುವೆ, ಹಿಂದೆ ಜಲಪಾತ. ಅಲ್ಲೂ ಏರು 37ಕ್ಕೆ 1, ನಿಮ್ಮ ಭೋರ್ ಘಾಟ್‌ನಷ್ಟೇ. ಚಿಕ್ಕವನಿದ್ದಾಗ ಅಪ್ಪನ ಜೊತೆ ಮೀಟರ್ ಗೇಜ್ ರೈಲಿನಲ್ಲಿ ಅದೇ ದಾರಿಯಲ್ಲಿ ಬಂದಿದ್ದೆ. ನೀವು ರೈಲು ಬಿಟ್ಟು ಹೊರಟಿದ್ದೀರಿ, ನಾನು ವಿಮಾನ ಬಿಟ್ಟು ರೈಲಿಗೆ ಬಂದಿದ್ದೇನೆ. ಬೋಗಿಗೆ ಬಣ್ಣ ಹೊಡೆಯುವ ಕೈ ಹ್ಯಾರಿಯರ್ ಮಾಡಿದ ಕೈಯೇ. ಯಾವುದೂ ದಂಡವಾಗಿಲ್ಲ.

ಬೊರಿವಲಿ ಲೋಕಲ್

ನನಗೆ ಇದು ಒಪ್ಪಿಗೆಯಿಲ್ಲ. ಒಂದನ್ನು ಹಿಡಿದರೆ ಅದರ ತಳ ಕಾಣುವವರೆಗೆ ಬಿಡಬಾರದು. ನಾನು ಇಪ್ಪತ್ತು ವರ್ಷದಿಂದ ಮುಂಬಯಿ ಲೋಕಲ್ ಮಾತ್ರ ಮಾಡುತ್ತೇನೆ, ಎನ್ ಸ್ಕೇಲ್‌ನಲ್ಲಿ, ಅಂದರೆ 1:160. 1925ರ ಫೆಬ್ರವರಿ 3ರಂದು ವಿಟಿಯಿಂದ (ವಿಕ್ಟೋರಿಯಾ ಟರ್ಮಿನಸ್) ಕುರ್ಲಾಕ್ಕೆ ಹೋದ ಮೊದಲ ಕರೆಂಟ್ ರೈಲಿನಿಂದ ಶುರು. 1500 ವೋಲ್ಟ್ ಡಿಸಿ ಕಾಲದ ಡಬ್ಬಿಗಳು, ಆಮೇಲೆ 25,000 ವೋಲ್ಟ್ ಎಸಿ ಬಂದ ಮೇಲಿನವು. ಕಿಟಕಿಯ ಸರಳು ಯಾವ ಕಾಲದಲ್ಲಿ ಎಷ್ಟಿತ್ತು ಅನ್ನುವುದು ಇಪ್ಪತ್ತು ವರ್ಷ ಕೂತದ್ದಕ್ಕೇ ಗೊತ್ತಾಗಿದ್ದು. ಹತ್ತು ವರ್ಷಕ್ಕೊಂದು ಹಿಡಿದು ಬಿಡುತ್ತಾ ಹೋದರೆ ಯಾವುದರಲ್ಲೂ ಕೈ ಪಳಗುವುದಿಲ್ಲ.

ಗೊಂಬೆಮನೆ

ಬೊರಿವಲಿಯವರೇ, ಪಳಗಿದ ಕೈ ನೋಯಲು ಶುರುವಾದರೆ ಏನು ಮಾಡುತ್ತೀರಿ?

ನಾನು ಡೊಂಬಿವಲಿಯಲ್ಲಿರುತ್ತೇನೆ, ತವರು ಮೈಸೂರು. ಅಮ್ಮ ದಸರಾ ಗೊಂಬೆ ಕೂರಿಸುವಾಗ ಕೆಳಗೆ ನೆಲದ ಮೇಲೆ ಪಾರ್ಕು, ಕೆರೆ, ರಸ್ತೆ ಎಲ್ಲ ಮಾಡಿಸುತ್ತಿದ್ದರು. ಪಾರ್ಕಿನ ಹುಲ್ಲಿಗೆ ತಟ್ಟೆಯಲ್ಲಿ ರಾಗಿ ಮೊಳಕೆ. ಠಾಣೆಯವರ ಅಳವಿ ಬೀಜ ಓದಿದಾಗ ಅದೇ ನೆನಪಾಯಿತು. ಮದುವೆಯಾದ ಮೇಲೆ ಹದಿನೈದು ವರ್ಷ ಪಾಲಿಮರ್ ಕ್ಲೇಯಲ್ಲಿ ಪುಟ್ಟ ಅಡುಗೆ ಮಾಡಿದೆ. ಒಂದು ರೂಪಾಯಿ ನಾಣ್ಯದ ಮೇಲೆ ಕೂರುವ ಬಾಳೆಎಲೆ ಊಟ. ಓವನ್‌ನಲ್ಲಿ 130 ಡಿಗ್ರಿಯಲ್ಲಿ ಬೇಯಿಸಿದರೆ ಗಟ್ಟಿಯಾಗುತ್ತದೆ, ಒಂದು ಚೂರು ಜಾಸ್ತಿಯಾದರೆ ಅನ್ನ ಕಂದುತ್ತದೆ. ಮೂರು ವರ್ಷದ ಹಿಂದೆ ಹೆಬ್ಬೆರಳಿನ ಬುಡ ಹಿಡಿದುಕೊಂಡಿತು. ಕ್ಲೇ ನಾದಲು ಆಗುತ್ತಲೇ ಇರಲಿಲ್ಲ. ಡಾಕ್ಟರು ಬೆರಳು ಒತ್ತುವ ಕೆಲಸ ಬಿಡಿ ಅಂದರು.

ಆರು ತಿಂಗಳು ಅತ್ತೆ. ಆಮೇಲೆ ರಟ್ಟು ಮತ್ತು ತೆಳು ಮರ ಹಿಡಿದೆ. ಚೂಪು ಬ್ಲೇಡಿಗೆ ಬಲ ಬೇಡ, ತಾಳ್ಮೆ ಬೇಕು. ಈಗ 1:12ರಲ್ಲಿ ಹಳೆಯ ಅಡುಗೆಮನೆಗಳನ್ನು ಮಾಡುತ್ತೇನೆ. ನಾನಾಗಿ ಆರಿಸಿಕೊಂಡ ಬದಲಾವಣೆ ಅಲ್ಲ ಇದು. ಆದರೂ ಇವತ್ತು ಕ್ಲೇ ಬೇಕಾ ಅಂತ ಕೇಳಿದರೆ ಬೇಡ ಅನ್ನುತ್ತೇನೆ. ಠಾಣೆಯವರೇ, ತಪ್ಪಿನ ಮಾತು ಬಿಡಿ. ಚಾಳ್ ಮಾಡಿ.

ಪದರ ಪದರ

ಎಲ್ಲರಿಗಿಂತ ಚಿಕ್ಕವನು ಮಾತಾಡುತ್ತಿದ್ದೇನೆ, 24 ವರ್ಷ, ಹಿಂಜೇವಾಡಿ. ಸರ್, ಚಾಳಿನ ಅಳತೆ ಕೊಟ್ಟರೆ ಕಂಪ್ಯೂಟರಿನಲ್ಲಿ ಎಳೆದು 3ಡಿ ಪ್ರಿಂಟ್ ಮಾಡಿ ಕೊಡುತ್ತೇನೆ. ಎರಡು ವಾರ ಸಾಕು.

ಮುಲುಂಡ್ ಮಂಜಿ

ಎರಡು ವಾರದಲ್ಲಿ ಮುಗಿದರೆ ಅವರು ಮೂರನೇ ವಾರ ಏನು ಮಾಡುವುದು ಮಾರಾಯ್ರೆ?

ಪದರ ಪದರ

ಹಾಗಲ್ಲ ಸರ್. ಪ್ರಿಂಟ್ ಮಾಡುವುದೂ ಕೆಲಸವೇ. ಒಂದು ಡಬ್ಲ್ಯುಎಪಿ-7 ಎಂಜಿನ್ ಎಳೆಯಲು ನನಗೆ ನಾಲ್ಕು ತಿಂಗಳಾಯಿತು. ಯಾರ್ಡಿನ ಹೊರಗೆ ನಿಂತು ಫೋಟೊ ತೆಗೆದು, ಒಂದೊಂದು ಜಾಲರಿ ಲೆಕ್ಕ ಹಾಕಿ ಎಳೆದೆ. ಮಷಿನ್ ಬರೀ ಸುರಿಯುತ್ತದೆ. 0.2 ಮಿಲಿಮೀಟರ್ ಪದರದ ಗೆರೆ ಹೋಗಲು ಪಾಲಿಶ್ ಪೇಪರ್ ಹಿಡಿದು ನಾನೇ ಉಜ್ಜಬೇಕು.

ಕೋಥ್ರೂಡ್ ಗಾರ್ಡ್

ಉಜ್ಜಿದ್ದು ಒಪ್ಪಿದೆ. ಆದರೆ ಪ್ರಿಂಟರಿಗೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ನಂಬಬೇಡಿ. ನನ್ನ ಸ್ನೇಹಿತರು ಪ್ರಿಂಟ್ ಮಾಡಿದ ಸ್ಟೇಷನ್ ಕಟ್ಟಡವನ್ನು ಮೇ ತಿಂಗಳಲ್ಲಿ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋದರು. ಬರುವಾಗ ಮಾಡು ಹಪ್ಪಳದ ಹಾಗೆ ಬಾಗಿತ್ತು. ಅದು 60 ಡಿಗ್ರಿ ಸುತ್ತ ಮೆತ್ತಗಾಗುತ್ತದೆ. ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಪುಣೆ ಬಿಸಿಲಿನಲ್ಲಿ ಅಷ್ಟು ಕಾಯುತ್ತದೆ.

ಪದರ ಪದರ

ಹೌದು, ಅದು ನಿಜ. ನಾನೂ ಕಳೆದುಕೊಂಡಿದ್ದೇನೆ. ಬಾಳಿಕೆ ಬರಬೇಕಾದ್ದಕ್ಕೆ ಈಗ ಬೇರೆ ಪ್ಲಾಸ್ಟಿಕ್ ಹಾಕುತ್ತೇನೆ.

ಮುಲುಂಡ್ ಮಂಜಿ

ಠಾಣೆಯವರ ಪ್ರಶ್ನೆಗೆ ಬರುತ್ತೇನೆ. ನಾನು ಕುಂದಾಪುರದವನು, ಹಡಗು ಮಾಡುವವನು.

ಹಳೆಯ ಐಎನ್‌ಎಸ್ ವಿಕ್ರಾಂತ್ ನಿಮಗೆಲ್ಲ ನೆನಪಿದೆಯಲ್ಲ. 1961ರಲ್ಲಿ ನೌಕಾಪಡೆ ಸೇರಿದ್ದು, 1997ರಲ್ಲಿ ನಿವೃತ್ತಿ, ಆಮೇಲೆ ಇಲ್ಲೇ ಮುಂಬಯಿಯಲ್ಲಿ ಮ್ಯೂಸಿಯಂ ಆಗಿ ನಿಂತಿತ್ತು. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಅದರ ಡೆಕ್ ಮೇಲೆ ನಡೆದಿದ್ದೇನೆ. 1:350ರಲ್ಲಿ ಅದನ್ನು ಸೊನ್ನೆಯಿಂದ ಮಾಡಲು ಹೊರಟೆ, 61 ಸೆಂಟಿಮೀಟರ್ ಉದ್ದ. ಒಡಲು ಮುಗಿದಿತ್ತು, ಡೆಕ್ ಅರ್ಧ ಆಗಿತ್ತು. 2014ರಲ್ಲಿ ಹಡಗನ್ನು ಗುಜರಿಗೆ ಕೊಟ್ಟರು. ಇಲ್ಲಿನ ಹಡಗು ಒಡೆಯುವ ಜಾಗ ದಾರೂಖಾನಾದಲ್ಲಿ ಒಡೆಯುತ್ತಿದ್ದಾಗ ಒಂದು ದಿನ ಹೋಗಿ ನೋಡಿದೆ. ಹೋಗಬಾರದಿತ್ತು.

ನಿಮಗೆ ಚಾಳ್ ಬಿದ್ದ ಮೇಲೆ ಅದನ್ನು ಮಾಡಬೇಕು ಅನ್ನಿಸಿತು. ನನಗೆ ಉಲ್ಟಾ ಆಯಿತು. ಆ ಮಾಡೆಲ್ ಮುಟ್ಟಲು ಕೈ ಬರಲೇ ಇಲ್ಲ. ಇವತ್ತಿಗೂ ಕಪಾಟಿನ ಮೇಲಿದೆ, ಅರ್ಧ ಡೆಕ್ಕಿನಲ್ಲೇ. ಒಂದು ವರ್ಷ ಖಾಲಿ ಕೂತೆ. ಆಮೇಲೆ ಊರಿಗೆ ಹೋದಾಗ ಅಜ್ಜನ ಕಾಲದ ಮಂಜಿಯ ಮಾತು ಬಂತು. ಹಾಯಿ ಕಟ್ಟಿಕೊಂಡು ಮಂಗಳೂರು ಹಂಚು ಹೇರಿಕೊಂಡು ಬೊಂಬಾಯಿಗೆ ಬರುತ್ತಿದ್ದ ಮರದ ಹಡಗು. ಮುಂದಕ್ಕೆ ಬಾಗಿದ ಕೂವೆಮರ, ಮೂರು ಮೂಲೆಯ ದೊಡ್ಡ ಹಾಯಿ. ಊರಿಂದ ತಂದ ಸಾಗವಾನಿ ತುಂಡು ಸೀಳಿ ಹಲಗೆ ಮಾಡಿಕೊಂಡೆ. ಈಗ ಮೂರನೇ ಮಂಜಿ ನಡೆಯುತ್ತಿದೆ.

ಹಗ್ಗಕ್ಕೆ ಹತ್ತಿ ನೂಲು ಹಾಕುವವರಿಗೆ ಒಂದು ಮಾತು. ನೂಲನ್ನು ಜೇನುಮೇಣದ ಮೇಲೆ ಎರಡು ಸಲ ಎಳೆಯಿರಿ. ಎಳೆ ಎದ್ದು ನಿಲ್ಲುವುದಿಲ್ಲ.

ಕಿಲ್ಲೇದಾರ

ಠಾಣೆ ಅಣ್ಣಾರ ಅಳವಿ ಬೀಜ ನೋಡಿ ನನಗೂ ಬರೆಯಬೇಕು ಅನ್ನಿಸಿತು. ನಾನು ಧಾರವಾಡದವನು, ಪುಣೆ ಸದಾಶಿವ ಪೇಟೆಯಲ್ಲಿ ಇಪ್ಪತ್ತು ವರ್ಷ. ಮಕ್ಕಳಿಗೆ ಅಂತ ದೀಪಾವಳಿ ಕಿಲ್ಲಾ ಶುರು ಮಾಡಿದೆ. ಮಕ್ಕಳು ದೊಡ್ಡವರಾದರು, ನಾನು ಬಿಡಲಿಲ್ಲ. ಈಗ ನಕಾಶೆಯ ಎತ್ತರದ ಗೆರೆಗಳನ್ನು ಹಾಳೆಯ ಮೇಲೆ ತೆಗೆದು, ಒಂದೊಂದು ಗೆರೆಗೆ ಒಂದೊಂದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸುತ್ತೇನೆ. ರಾಜಗಡ ಮುಗಿಯಲು ಎರಡು ವರ್ಷವಾಯಿತು. ಪದ್ಮಾವತಿ, ಸುವೇಳಾ, ಸಂಜೀವನಿ, ಮೂರೂ ಮಾಚಿಗಳು (ಕೋಟೆಯ ಕೆಳಹಂತದ ಬಯಲುಗಳು) ಮತ್ತು ತುದಿಯ ಒಳಕೋಟೆ ಬಾಲೇಕಿಲ್ಲಾ. ಸಂಜೀವನಿ ಮಾಚಿಯ ಜೋಡಿ ಗೋಡೆ ಮಾಡಿ ನೋಡಿದ ಮೇಲೆಯೇ ಅದನ್ನು ಕಟ್ಟಿದವರ ತಲೆ ಎಂಥದ್ದು ಅಂತ ತಿಳಿದದ್ದು.

ನಾನು ಬದಲಾಗಿದ್ದೇನಾ ಇಲ್ಲವಾ ನನಗೇ ಹೇಳಲು ಬರುವುದಿಲ್ಲ. ಆವತ್ತೂ ಕಿಲ್ಲಾ, ಇವತ್ತೂ ಕಿಲ್ಲಾ. ಆದರೆ ಆವತ್ತು ಮಕ್ಕಳ ನಗು ಬೇಕಿತ್ತು. ಇವತ್ತು ಬೆಟ್ಟ ಬೇಕು.

ಬೊರಿವಲಿ ಲೋಕಲ್

ಇದನ್ನೇ ನಾನು ಹೇಳಿದ್ದು. ಒಂದೇ ವಿಷಯ, ಆಳ ಜಾಸ್ತಿ. ಮುಂದಿನದು ಸಿಂಹಗಡ ಮಾಡಿ. 2025ರಲ್ಲಿ ಯುನೆಸ್ಕೋ ಪಟ್ಟಿಗೂ ಬಂತಲ್ಲ.

ಕಿಲ್ಲೇದಾರ

ಸಿಂಹಗಡ ಆ ಪಟ್ಟಿಯಲ್ಲಿಲ್ಲ ರೀ. ಹನ್ನೆರಡು ಕೋಟೆಗಳು. ರಾಜಗಡ, ರಾಯಗಡ, ಲೋಹಗಡ, ಶಿವನೇರಿ, ಪ್ರತಾಪಗಡ, ಪನ್ಹಾಳಾ ಎಲ್ಲ ಇವೆ, ತಮಿಳುನಾಡಿನ ಜಿಂಜಿಯೂ ಇದೆ. ಸಿಂಹಗಡ ಇಲ್ಲ. ಪುಣೆಯ ಜನಕ್ಕೆ ಪಟ್ಟಿ ಬೇಕಾಗಿಯೂ ಇಲ್ಲ, ಭಾನುವಾರ ಬೆಳಿಗ್ಗೆ ಅಲ್ಲೇ ಇರುತ್ತಾರೆ.

ಬೊರಿವಲಿ ಲೋಕಲ್

ಸರಿ, ತಿದ್ದಿಕೊಂಡೆ.

ಠಾಣೆಯವ

ಎಲ್ಲರದನ್ನೂ ಎರಡೆರಡು ಸಲ ಓದಿದೆ. ಮುಲುಂಡ್‌ನವರ ವಿಕ್ರಾಂತ್ ಓದಿ ಸುಮಾರು ಹೊತ್ತು ಏನೂ ಬರೆಯಲಾಗಲಿಲ್ಲ.

ಬೊರಿವಲಿಯವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಅದೇ ನನ್ನನ್ನು ಚುಚ್ಚುತ್ತಿರುವುದು. ಆದರೆ ಒಂದು ಹೇಳಲೇಬೇಕು. ರೈಲಿನಲ್ಲಿ ನಾನು ಬಹಳ ದಿನದಿಂದ ಒಂದು ಗೋಡೆಗೆ ಹಣೆ ಬಡಿಯುತ್ತಿದ್ದೆ. ಮುಂಬಯಿ-ಪುಣೆಯ ಹಳೆಯ ಡೆಕ್ಕನ್ ಕ್ವೀನ್ ರೈಲು ಪೂರ್ತಿ ಓಡಿಸಬೇಕು ಅಂತ ಆಸೆ. ಅದರ ಐಸಿಎಫ್ (ಚೆನ್ನೈ ಕಾರ್ಖಾನೆಯ) ಬೋಗಿ 21.3 ಮೀಟರ್. ಎಚ್‌ಒದಲ್ಲಿ ಒಂದಕ್ಕೆ 24.5 ಸೆಂಟಿಮೀಟರ್. ಹದಿನೇಳು ಬೋಗಿಗೆ ನಾಲ್ಕು ಮೀಟರ್ ದಾಟುತ್ತದೆ. ನನ್ನ ಹಾಲ್‌ನ ಉದ್ದವೇ ಹನ್ನೆರಡು ಅಡಿ. ಐದು ಬೋಗಿಯ ಡೆಕ್ಕನ್ ಕ್ವೀನ್ ಓಡಿಸಿ ಓಡಿಸಿ ನನಗೆ ಸಾಕಾಗಿತ್ತು. ಚಾಳಿನ ಒಂದು ಖೋಲಿ ಹತ್ತಡಿಗೆ ಹನ್ನೆರಡಡಿ. ಅದನ್ನು ಪೂರ್ತಿ ಮಾಡಬಹುದು. ಒಂದು ಮೊಳೆಯೂ ಬಿಡದೆ ಮಾಡಬಹುದು. ಇದು ನನಗೆ ಎಷ್ಟು ದೊಡ್ಡ ಬಿಡುಗಡೆ ಅಂದರೆ, ಬರೆಯುತ್ತಿರುವಾಗಲೇ ತಿಳಿಯುತ್ತಿದೆ.

ವಾಸ್ಕೋವಾಸಿ

ಅಳತೆಯ ಸಂಕಟ ನನಗೂ ಇದೆ. ದೂಧ್‌ಸಾಗರ್ 310 ಮೀಟರ್. ಎಚ್‌ಒದಲ್ಲಿ ಮೂರೂವರೆ ಮೀಟರ್, ಅಂದರೆ ನನ್ನ ಮನೆಯ ಸೂರು ದಾಟಿ ಮೇಲಿನವರ ಮನೆಗೆ ಹೋಗುತ್ತದೆ. ಎನ್ ಸ್ಕೇಲ್‌ನಲ್ಲೂ ಎರಡು ಮೀಟರ್ ಹತ್ತಿರ. ಕೊನೆಗೆ ಎಪ್ಪತ್ತು ಸೆಂಟಿಮೀಟರ್‌ಗೆ ಇಳಿಸಿದೆ. ಸೇತುವೆಯ ಕಮಾನುಗಳನ್ನು ಮಾತ್ರ ಸರಿ ಅಳತೆಯಲ್ಲಿ ಇಟ್ಟೆ. ಕಣ್ಣು ಸೇತುವೆ ನೋಡಿ ಜಲಪಾತವನ್ನು ನಂಬುತ್ತದೆ. ಅಪ್ಪ ಇದ್ದಿದ್ದರೆ ನಂಬುತ್ತಿದ್ದರು.

ಕೋಥ್ರೂಡ್ ಗಾರ್ಡ್

ಎಚ್‌ಒ ಹಳಿಯ ಮೇಲೆ ನಮ್ಮ ರೈಲು ಯಾವತ್ತೂ ಸರಿ ಕೂರುವುದಿಲ್ಲ, ಅದು ನನ್ನ ಹಳೆಯ ಕೊರಗು. ನಮ್ಮ ಬ್ರಾಡ್ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3. ಅಂಗಡಿಯಲ್ಲಿ ಸಿಗುವ ಹಳಿ 16.5. ಅದು ಯುರೋಪಿನ 1435ರ ಲೆಕ್ಕದ್ದು. ನಮ್ಮ ಎಂಜಿನ್ ಬಿಗಿ ಚಪ್ಪಲಿ ಹಾಕಿಕೊಂಡ ಹಾಗೆ ಕಾಣುತ್ತದೆ.

ಪದರ ಪದರ

1:76ರ ಡಬಲ್ ಓ ಸ್ಕೇಲ್‌ಗೆ ಹೋದರೆ ಸರಿಯಾಗುತ್ತದಾ ಸರ್?

ಕೋಥ್ರೂಡ್ ಗಾರ್ಡ್

ಇನ್ನೂ ಕೆಡುತ್ತದೆ. ಅದರ ಹಳಿಯೂ ಅದೇ 16.5. ನಮಗೆ ಬೇಕಾದದ್ದು 22.

ವಾಸ್ಕೋವಾಸಿ

ಅದಕ್ಕೇ ನಾನು ಹಳೆಯ ಕಾಲ ಆರಿಸಿಕೊಂಡದ್ದು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಗುವ ಮುಂಚೆ ನಮ್ಮ ಘಾಟ್ ಮೀಟರ್ ಗೇಜ್. 1000 ಭಾಗಿಸು 87, ಹನ್ನೊಂದೂವರೆ. ಎಚ್‌ಒದಲ್ಲಿ ಮೀಟರ್ ಗೇಜಿಗೆಂದೇ ಇರುವ ಎಚ್‌ಒಎಮ್ ಹಳಿ 12 ಮಿಲಿಮೀಟರ್. ಅರ್ಧ ಮಿಲಿಮೀಟರ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಗೊಂಬೆಮನೆ

ಹಳಿಯ ಮಾತು ಸಾಕು. ಠಾಣೆಯವರ ಬೆಡ್‌ಶೀಟಿನ ಕೆಳಗೆ ಇರುವುದನ್ನು ಏನು ಮಾಡುವುದು, ಅದನ್ನು ಹೇಳಿ ಯಾರಾದರೂ.

ಕೋಥ್ರೂಡ್ ಗಾರ್ಡ್

ಒಂದು ದಾರಿ ಇದೆ. ಚಾಳನ್ನೇ ಎಚ್‌ಒದಲ್ಲಿ ಮಾಡಿ ಆ ಹಲಗೆಯ ಮೇಲೆ ಇಡಿ. ರೈಲೂ ಉಳಿಯಿತು, ಚಾಳೂ ಬಂತು.

ಠಾಣೆಯವ

ಯೋಚಿಸಿದ್ದೆ. ಗಿರಗಾಂವ್‌ನ ಚಾಳ್ ಭೋರ್ ಘಾಟ್‌ನ ಗುಡ್ಡದ ಮೇಲೆ ಹೇಗೆ ಇಡಲಿ? ಜಾಗ ಸುಳ್ಳಾಗುತ್ತದೆ. ಇನ್ನೊಂದು, ನಮ್ಮ ಮಾಳಿಗೆಯಲ್ಲಿ ಸಾಲಾಗಿ ಎಂಟು ಖೋಲಿ. ಎಂಬತ್ತು ಅಡಿ. ಎಚ್‌ಒದಲ್ಲಿ 28 ಸೆಂಟಿಮೀಟರ್. ಮೂರಡಿ ಕಟಕಟೆ ಒಂದು ಸೆಂಟಿಮೀಟರ್ ಆಗುತ್ತದೆ. ಅಮ್ಮ ಆ ಕಟಕಟೆಯ ಮೇಲೆ ಹಪ್ಪಳದ ಸೀರೆ ಹರಡುತ್ತಿದ್ದಳು. ಒಂದು ಸೆಂಟಿಮೀಟರ್‌ನಲ್ಲಿ ಸೀರೆ ಹೇಗೆ ಮಾಡಲಿ?

ಕೋಥ್ರೂಡ್ ಗಾರ್ಡ್

ಸರಿ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಮುಲುಂಡ್ ಮಂಜಿ

1:24 ಹಿಡಿಯಿರಿ. ಒಂದಡಿಗೆ ಅರ್ಧ ಇಂಚು. ಲೆಕ್ಕ ಬಾಯಲ್ಲೇ ಆಗುತ್ತದೆ. ಖೋಲಿ ಐದಿಂಚಿಗೆ ಆರಿಂಚು, ಕಟಕಟೆ ಒಂದೂವರೆ ಇಂಚು. ಎಂಟು ಖೋಲಿ ಬೇಡ, ನಿಮ್ಮದು ಮತ್ತು ಪಕ್ಕದ್ದು ಎರಡೇ ಮಾಡಿ, ಮುಂದೆ ಗ್ಯಾಲರಿ. ಮಂಜಿಯನ್ನೂ ನಾನು ಅದೇ ಸ್ಕೇಲ್‌ನಲ್ಲಿ ಮಾಡುವುದು. ನಿಮ್ಮ ಕಣ್ಣಿಗೂ ಹಿತ.

ವಾಸ್ಕೋವಾಸಿ

ಬಿಚ್ಚುವುದಾದರೆ ಹಳಿ ಹಾಳಾಗದ ಹಾಗೆ ಬಿಚ್ಚಿ. ಜಲ್ಲಿ ಅಂಟಿಸಲು ಫೆವಿಕಾಲ್‌ಗೆ ನೀರು ಬೆರೆಸಿ ಹಾಕಿದ್ದೀರಲ್ವಾ? ಹಾಗಾದರೆ ಸುಲಭ. ಬಿಸಿನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸಾಬೂನು ಹಾಕಿ ಸಿಂಪಡಿಸಿ. ಅರ್ಧ ಗಂಟೆ ಬಿಡಿ, ಒದ್ದೆ ಬಟ್ಟೆ ಹಾಸಿ. ಅಂಟು ಮೆತ್ತಗಾಗುತ್ತದೆ. ತೆಳು ಕರಣೆ ಹಾಕಿ ನಿಧಾನ ಎಬ್ಬಿಸಿದರೆ ಹಳಿ ಇಡಿಯಾಗಿ ಬರುತ್ತದೆ. ಮೊದಲು ವೈರ್ ಕತ್ತರಿಸಿ, ನೀರು ಆಮೇಲೆ.

ಕೋಥ್ರೂಡ್ ಗಾರ್ಡ್

ಎಂಜಿನ್‌ಗಳನ್ನು ಫೋಮ್‌ನಲ್ಲಿ ಸುತ್ತಿ ಇಡಬೇಡಿ. ಹತ್ತು ವರ್ಷಕ್ಕೆ ಫೋಮ್ ಅಂಟಂಟಾಗಿ ಬಣ್ಣಕ್ಕೆ ಹಿಡಿಯುತ್ತದೆ. ನನ್ನ ಎರಡು ಎಂಜಿನ್ ಹಾಗೆ ಹೋದವು. ಬಿಳಿ ಟಿಶ್ಯೂ ಕಾಗದ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮುಂಬಯಿಯ ಮಳೆಗಾಲಕ್ಕೆ ಇದು ಬೇಕೇ ಬೇಕು.

ಬಿಚ್ಚಬೇಡಿ ಅಂದವನು ನಾನೇ. ಆ ಸೀರೆಯ ಮಾತು ಓದಿದ ಮೇಲೆ ಹೇಗೆ ಇಡಬೇಕು ಅಂತ ಹೇಳುತ್ತಿದ್ದೇನೆ.

ಪದರ ಪದರ

ಮಳೆಗಾಲ ಅಂದಾಗ ನೆನಪಾಯಿತು. ಹಳೆಯ ಕಿಟ್‌ನ ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ಚಿತ್ರ) ಹಳದಿಯಾಗಿದ್ದರೆ ಏನು ಮಾಡುವುದು? ಅಪ್ಪನ ಕಪಾಟಿನಲ್ಲಿ ಒಂದು ನ್ಯಾಟ್ ವಿಮಾನದ ಕಿಟ್ ಸಿಕ್ಕಿದೆ.

ವಾಸ್ಕೋವಾಸಿ

ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಟೇಪ್ ಹಚ್ಚಿ. ಚಿತ್ರ ಹೊರಗಡೆ ಮುಖ ಮಾಡಿರಲಿ. ವಾರ ಎರಡು ವಾರದಲ್ಲಿ ಹಳದಿ ಇಳಿಯುತ್ತದೆ. ಮತ್ತೆ ನ್ಯಾಟ್‌ನ ಗಾಜಿನ ಮುಚ್ಚಳಕ್ಕೆ ಫೆವಿಕ್ವಿಕ್ ಹಾಕಬೇಡ ತಮ್ಮಾ. ಅದರ ಹೊಗೆ ಗಾಜಿನ ಮೇಲೆ ಬಿಳಿ ಮಬ್ಬು ಹಿಡಿಸುತ್ತದೆ. ಫೆವಿಕಾಲ್ ಸಾಕು.

ಪ್ರಿಂಟರ್ ಹುಡುಗ ಕಿಟ್ ಕಡೆ ಬರುತ್ತಿದ್ದಾನೆ. ಖುಷಿಯಾಯಿತು.

ಬೊರಿವಲಿ ಲೋಕಲ್

ಎರಡು ದಿನ ಸುಮ್ಮನಿದ್ದೆ. ನಿನ್ನೆ ರಾತ್ರಿ ನನ್ನ ಲೋಕಲ್ ಮುಂದೆ ಕೂತು ಯೋಚಿಸಿದೆ. ಒಂಬತ್ತು ಡಬ್ಬಿಯ ರೈಲು, 1.2 ಮೀಟರ್. ಕಳೆದ ನಾಲ್ಕು ವರ್ಷದಲ್ಲಿ ನಾನು ಒಂದೂ ಹೊಸ ಡಬ್ಬಿ ಮಾಡಿಲ್ಲ. ಮಾಡಿದ್ದೆಲ್ಲ ಪ್ಲಾಟ್‌ಫಾರ್ಮಿನ ಮೇಲಿನದು. ಬೂಟ್ ಪಾಲಿಶ್ ಮಾಡುವವನ ಪೆಟ್ಟಿಗೆ, ವಡಾಪಾವ್ ಸ್ಟಾಲ್, ಡಬ್ಬಾವಾಲಾನ ತಲೆಯ ಮೇಲಿನ ಉದ್ದ ತಟ್ಟೆ. ಒಂದು ಸೆಂಟಿಮೀಟರ್ ಎತ್ತರದ ಮನುಷ್ಯರಿಗೆ ಕೈಕಾಲು ಬಗ್ಗಿಸಿ ಬಣ್ಣ ಹಚ್ಚುತ್ತಾ ನಾಲ್ಕು ವರ್ಷ ಕಳೆದಿದ್ದೇನೆ. ರೈಲು ಅವರ ಹಿಂದಿನ ಪರದೆ ಆಗಿದೆ.

ನಾನು ಬದಲಾಗಿಲ್ಲ ಅಂತ ಇಲ್ಲಿ ಜೋರಾಗಿ ಹೇಳಿದ್ದೆ. ಅದು ಸರಿಯಲ್ಲ. ಠಾಣೆಯವರೇ, ಕ್ಷಮಿಸಿ.

ಠಾಣೆಯವ

ಕ್ಷಮೆ ಯಾಕೆ, ನಿಮ್ಮ ಮಾತಿನಿಂದಲೇ ನನಗೆ ಡೆಕ್ಕನ್ ಕ್ವೀನ್ ಸಂಕಟ ಬಾಯಿಗೆ ಬಂತು.

ಇವತ್ತು ಬೆಳಿಗ್ಗೆ ಬೆಡ್‌ಶೀಟ್ ತೆಗೆದೆ. ಎಂಟು ತಿಂಗಳ ನಂತರ ಒಂದು ಸಲ ಪೂರ್ತಿ ಓಡಿಸಿದೆ. ಮಗಳು ವೀಡಿಯೊ ತೆಗೆದಳು. ಬ್ಯಾಂಕರ್ ಇನ್ನೂ ಚೆನ್ನಾಗಿ ತಳ್ಳುತ್ತದೆ. ಹಲಗೆಯ ಬಲಗಡೆಯ ಮೂರಡಿ, ಅಂದರೆ ಸೇತುವೆ ಮತ್ತು ಒಂದು ಸುರಂಗ, ಅಷ್ಟನ್ನು ಇಡಿಯಾಗಿ ಕೊಯ್ದು ಗೋಡೆಗೆ ಶೆಲ್ಫ್ ಮಾಡಿ ಇಡುತ್ತೇನೆ. ಬ್ಯಾಂಕರ್ ಅದರ ಮೇಲೆ ನಿಲ್ಲುತ್ತದೆ. ಉಳಿದ ಏಳಡಿ ವಾಸ್ಕೋದವರು ಹೇಳಿದ ಹಾಗೆ ಒದ್ದೆ ಮಾಡಿ ಬಿಚ್ಚುತ್ತೇನೆ. ಹಳಿ ಮತ್ತು ಹನ್ನೊಂದು ಬೋಗಿ ನಮ್ಮ ಕಟ್ಟಡದ ವಾಚ್‌ಮನ್‌ರ ಮಗನಿಗೆ. ಅವನಿಗೆ ಹನ್ನೆರಡು ವರ್ಷ. ನಾನು ಓಡಿಸುವಾಗಲೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು. ಸುರಂಗ ಅರ್ಧಕ್ಕೇ ನಿಂತಿದೆ ಅಂದಿದ್ದೆನಲ್ಲ, ಅದನ್ನು ಅವನೇ ಮುಗಿಸುತ್ತಾನಂತೆ, ಕೇಳಿದ್ದಾನೆ.

ಈಗ ಕಟಕಟೆ. ಮರದ ಚಪ್ಪಟೆ ಕಡ್ಡಿಗಳು, ಪ್ರತಿ ಕಡ್ಡಿಯ ನಡುವೆ ಎರಡೂ ಕಡೆ ಅರ್ಧಚಂದ್ರದ ಕೊರೆತ. ಎರಡು ಖೋಲಿಗೆ ನಲವತ್ತು ಕಡ್ಡಿ ಬೇಕು. ಎಲ್ಲ ಒಂದೇ ಥರ ಬರಬೇಕು. ಹೇಗೆ ಮಾಡಲಿ?

ಪದರ ಪದರ

ಪ್ರಿಂಟ್ ಅಂತ ಹೇಳುವುದಿಲ್ಲ ಸರ್. ಆದರೆ ಕೊರೆತದ ಗೆರೆ ಎಳೆಯಲು ಒಂದು ಅಚ್ಚು ಬೇಕಾದರೆ ಮಾಡಿಕೊಡುತ್ತೇನೆ.

ಗೊಂಬೆಮನೆ

ಒಂದೊಂದಾಗಿ ಕೊರೆಯಬೇಡಿ, ಹುಚ್ಚು ಹಿಡಿಯುತ್ತದೆ. ಹತ್ತು ಕಡ್ಡಿ ಜೋಡಿಸಿ ಎರಡು ತುದಿಗೆ ಮಾಸ್ಕಿಂಗ್ ಟೇಪ್ ಬಿಗಿಯಾಗಿ ಸುತ್ತಿ. ಒಂದೇ ತುಂಡಿನ ಹಾಗೆ ಹಿಡಿದು ಉರುಟು ಅರದಿಂದ ಎರಡೂ ಕಡೆ ಉಜ್ಜಿ. ಹತ್ತೂ ಒಂದೇ ಥರ ಬರುತ್ತವೆ. ನಾಲ್ಕು ಸಲ ಮಾಡಿದರೆ ನಲವತ್ತು. ಐಸ್‌ಕ್ರೀಮ್ ಕಡ್ಡಿ ಬೇಡ, ಅದರ ಎಳೆ ಸೀಳುತ್ತದೆ. ಬಾಸ್‌ವುಡ್ ಅನ್ನುವ ಮೆದು ಮರ ತೆಗೆದುಕೊಳ್ಳಿ. ಎಷ್ಟು ಅಗಲ? ಬಣ್ಣ ಯಾವುದಿತ್ತು?

ಠಾಣೆಯವ

ಅಗಲ ಮೂರಿಂಚು ಇದ್ದಿರಬೇಕು, ಅಂದರೆ ಇಲ್ಲಿ 3 ಮಿಲಿಮೀಟರ್ ಚಿಲ್ಲರೆ. ಬಣ್ಣ ಹಸಿರು ಆಯಿಲ್ ಪೇಂಟ್. ಮೇಲಿನ ಪಟ್ಟಿಯಲ್ಲಿ ಮಾತ್ರ ಬಣ್ಣ ಇರಲಿಲ್ಲ, ಜನ ಕೈ ಊರಿ ಊರಿ ಮರ ನುಣ್ಣಗಾಗಿತ್ತು. ನಮ್ಮ ಬಾಗಿಲ ಎದುರಿನ ಒಂದು ಕಡ್ಡಿ ನಾನು ಚೆಂಡು ಹೊಡೆದು ಮುರಿದಿದ್ದೆ. ಅದನ್ನು ಯಾರೂ ಹಾಕಿಸಲೇ ಇಲ್ಲ. ಹಾಗಾಗಿ ಮೂವತ್ತೊಂಬತ್ತು ಸಾಕು.

ಗೊಂಬೆಮನೆ

ನನ್ನ ಹತ್ತಿರ 2 ಮಿಲಿಮೀಟರ್ ದಪ್ಪದ ಬಾಸ್‌ವುಡ್ ಹಾಳೆ ಎರಡು ಉಳಿದಿದೆ. ಶನಿವಾರ ಠಾಣೆಗೆ ತಂಗಿಯ ಮನೆಗೆ ಬರುತ್ತಿದ್ದೇನೆ. ತರಲಾ?

ಠಾಣೆಯವ

ತನ್ನಿ ಅಕ್ಕ. ಹನ್ನೊಂದು ಗಂಟೆಗೆ ಸ್ಟೇಷನ್ ಪಶ್ಚಿಮದ ಟಿಕೆಟ್ ಕಿಟಕಿ ಹತ್ತಿರ ಇರುತ್ತೇನೆ. ಚಪ್ಪಲಿ ಡಬ್ಬಿಯ ಬಾಗಿಲನ್ನೂ ತರುತ್ತೇನೆ, ನೋಡುವಿರಂತೆ.